ಹರಾಜಿನಲ್ಲಿ ಕೊಂಡ ಎಚ್‌ಎಂಟಿ ಪೈಲಟ್: ಡಯಲ್ ಮೇಲೆ ಅನುಮಾನ, ದಿನಕ್ಕೆ 9 ನಿಮಿಷ ಮುಂದೆ ಓಡುತ್ತಿದೆ

ಲೆಸ್ಟರ್‌ವಾಸಿ (ಪ್ರಶ್ನೆ)

ಇಂಗ್ಲೆಂಡಿನಿಂದ ಬರೀತಿದ್ದೀನಿ. ಆನ್‌ಲೈನ್ ಹರಾಜಿನಲ್ಲಿ ಮುಂಬೈನ ಮಾರಾಟಗಾರರೊಬ್ಬರಿಂದ ಎಚ್‌ಎಂಟಿ ಪೈಲಟ್ ಕೀ ವಾಚು ಕೊಂಡೆ. ಪೋಸ್ಟೇಜ್ ಎಲ್ಲ ಸೇರಿ 38 ಪೌಂಡ್. ವಿವರಣೆಯಲ್ಲಿ ‘1970ರ ದಶಕದ್ದು, ಒರಿಜಿನಲ್ ಡಯಲ್, ಈಗಷ್ಟೇ ಸರ್ವಿಸ್ ಆಗಿದೆ’ ಅಂತ ಬರೆದಿದ್ದರು. ಡಯಲ್ ಕಿತ್ತಳೆ ಬಣ್ಣ, ಅದು ಫೋಟೋದಲ್ಲೂ ಹಾಗೇ ಇತ್ತು. ಕೈಗೆ ಬಂದ ಮೇಲೆ ನೋಡಿದರೆ 12ರ ಅಂಕಿ ನಿಮಿಷದ ಗೆರೆಗೆ ನೇರವಾಗಿ ಕೂತಿಲ್ಲ, ಸೆಕೆಂಡ್ ಮುಳ್ಳು ಗೆರೆಯವರೆಗೆ ಮುಟ್ಟಲ್ಲ, ಕೀ ತಿರುಗಿಸೋ ಗುಂಡಿ ಕೇಸಿನ ಅಳತೆಗೆ ಹೊಂದದಷ್ಟು ದೊಡ್ಡದು. ನಡೆಯುತ್ತೆ, ಆದರೆ ದಿನಕ್ಕೆ 9 ನಿಮಿಷ ಮುಂದೆ. ದೂರು ಕೊಟ್ಟಿಲ್ಲ ಇನ್ನೂ; ಮೆಸೇಜ್ ಮಾಡಿದ್ದಕ್ಕೆ ‘10 ಪೌಂಡ್ ವಾಪಸ್ ಕೊಡ್ತೀನಿ, ಒಳ್ಳೆ ರೇಟಿಂಗ್ ಹಾಕಿ’ ಅಂದರು. ಬಂದು ಒಂದು ವಾರ ಆಯ್ತು. ಇಟ್ಟುಕೊಂಡು ರಿಪೇರಿ ಮಾಡಿಸೋದೋ, ವಾಪಸ್ ಕಳಿಸೋದೋ?

ಕೀಲಿಕೈ

ರೀಡಯಲ್, ಅಂದರೆ ಮತ್ತೆ ಬಣ್ಣ ಬಳಿದ ಡಯಲ್, ಅನುಮಾನವೇ ಬೇಡ. ಸಂಗ್ರಾಹಕರು ಇಂಥದ್ದನ್ನ ‘ಮುಂಬೈ ಸ್ಪೆಷಲ್’ ಅಂತಾರೆ. ಹಳೇ ಡಯಲ್ ಬಣ್ಣ ಕೆರೆದು, ಹೊಸ ಬಣ್ಣ ಬಳಿದು, ಮೇಲೆ ಅಚ್ಚು ಹಾಕಿರ್ತಾರೆ. ಹಳೇ ಪೈಲಟ್ ಅಂದರೆ ಸಾಮಾನ್ಯವಾಗಿ ಕಪ್ಪು ಡಯಲ್. ಕಿತ್ತಳೆ, ಗಿಳಿಹಸಿರು, ಆಕಾಶನೀಲಿ, ರೈಲಿನ ಚಿತ್ರ, ಸೈನ್ಯದ ಚಿಹ್ನೆ, ಇವೆಲ್ಲ ಬಹುಪಾಲು ಮಾರಾಟಕ್ಕೆಂದೇ ಮಾಡಿದ್ದು.

10 ಪಟ್ಟು ದೊಡ್ಡದಾಗಿ ತೋರಿಸೋ ಲೂಪ್ (ಭೂತಗನ್ನಡಿ) ಇದ್ದರೆ ಅಕ್ಷರದ ಅಂಚು ನೋಡಿ. ಕಾರ್ಖಾನೆಯ ಅಚ್ಚು ಚೂಪಾಗಿ, ಒಂದೇ ದಪ್ಪದಲ್ಲಿರುತ್ತೆ. ರೀಡಯಲ್‌ನಲ್ಲಿ ಶಾಯಿ ಉಬ್ಬಿ ಹರಡಿರುತ್ತೆ; ಡಯಲ್‌ನ ಮಧ್ಯದ ತೂತಿನ ಅಂಚಲ್ಲಿ ಬಣ್ಣ ಗಟ್ಟಿ ಕಟ್ಟಿರುತ್ತೆ. ಸೆಕೆಂಡ್ ಮುಳ್ಳು ಗಿಡ್ಡ ಅಂದರೆ ಬೇರೆ ಮಾಡೆಲ್‌ನಿಂದ ತಂದು ಕೂರಿಸಿದ್ದು. ಕೇಸಿನ ಕಿವಿಗಳ (ಬೆಲ್ಟ್ ಸಿಕ್ಕಿಸೋ ಜಾಗ) ಅಂಚು ದುಂಡಗಾಗಿದ್ದರೆ ಬಫಿಂಗ್ (ಉಜ್ಜಿ ಹೊಳಪು ಕೊಡೋದು) ಜಾಸ್ತಿ ಆಗಿದೆ, ಅದನ್ನ ಯಾರೂ ಸರಿ ಮಾಡಲ್ಲ.

ಮಷೀನಿನ ಬಗ್ಗೆ ಮಾತ್ರ ಇಷ್ಟು ಬೇಜಾರು ಬೇಡ. ಎಚ್‌ಎಂಟಿ ವಾಚು ತಯಾರಿಕೆಯನ್ನ 1961ರಲ್ಲಿ ಬೆಂಗಳೂರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಶುರು ಮಾಡಿದ್ದು. ಪೈಲಟ್, ಜನತಾ ಎರಡರಲ್ಲೂ ಸಾಮಾನ್ಯವಾಗಿ ಇರೋ 0231 ಮಷೀನು ಸಿಟಿಜನ್ ವಿನ್ಯಾಸದ್ದೇ, 17 ಜ್ಯುವೆಲ್ (ಸವೆತ ತಡೆಯೋ ಕಲ್ಲು), ಗಂಟೆಗೆ 18,000 ಬೀಟ್ (ಟಿಕ್). ಅಷ್ಟು ಸುಲಭಕ್ಕೆ ಸಾಯೋ ಮಷೀನಲ್ಲ. ಬ್ಯಾಕ್ (ಹಿಂದಿನ ಮುಚ್ಚಳ) ತೆಗೆಸಿ ಬ್ರಿಡ್ಜ್ (ಮಷೀನಿನ ಮೇಲಿನ ಲೋಹದ ಪಟ್ಟಿ) ಮೇಲೆ ಎಚ್‌ಎಂಟಿ ಅಂತ ಕೆತ್ತಿದೆಯಾ ನೋಡಿಸಿ.

ಹೇರ್‌ಸ್ಪ್ರಿಂಗ್

ಕೀಲಿಕೈ ಹೇಳಿದ್ದು ಸರಿ, ಆದರೆ ಬ್ಯಾಕ್ ಈಗಲೇ ತೆಗೆಸಬೇಡಿ. ಅಂಚಿನಲ್ಲಿ ಒಂದು ಗೀರು ಬಿದ್ದರೂ ‘ನೀವೇ ಬಿಚ್ಚಿ ಹಾಳು ಮಾಡಿದ್ರಿ’ ಅಂತ ತಿರುಗಿ ಬೀಳ್ತಾರೆ. ವಾಪಸ್ ಮಾಡೋದೋ ಬೇಡವೋ ಅಂತ ತೀರ್ಮಾನವಾಗಲಿ ಮೊದಲು.

9 ನಿಮಿಷ ಅಂದರೆ ದಿನಕ್ಕೆ 540 ಸೆಕೆಂಡ್. ಸರಿಯಾಗಿ ಸರ್ವಿಸ್ ಆದ ಹಳೇ ಕೀ ವಾಚು ಅರ್ಧ ನಿಮಿಷದ ಆಚೀಚೆ ಇದ್ದರೆ ಸಾಕು. ಇಷ್ಟು ವೇಗಕ್ಕೆ ಸಾಮಾನ್ಯವಾಗಿ ಎರಡೇ ಕಾರಣ: ಕಾಂತ ಹಿಡಿದಿರೋದು (ಒಳಗಿನ ಭಾಗ ಅಯಸ್ಕಾಂತದಂತೆ ಆಗಿರೋದು), ಇಲ್ಲವೇ ಹೇರ್‌ಸ್ಪ್ರಿಂಗ್ (ಬ್ಯಾಲೆನ್ಸ್ ಚಕ್ರವನ್ನ ಆಡಿಸೋ ತೆಳು ಸುರುಳಿ) ಮೇಲೆ ಎಣ್ಣೆ. ಎರಡರಲ್ಲೂ ಸುರುಳಿಗಳು ಒಂದಕ್ಕೊಂದು ಅಂಟಿ ಸ್ಪ್ರಿಂಗ್‌ನ ಉದ್ದ ಕಡಿಮೆಯಾದಂತೆ ಆಗುತ್ತೆ, ಬ್ಯಾಲೆನ್ಸ್ ಬೇಗ ಬೇಗ ಆಡುತ್ತೆ. ಬಿಚ್ಚದೇ ಹಾಗೇ ಪೆಟ್ರೋಲಲ್ಲಿ ಅದ್ದಿ ಮೇಲಿಂದ ಎಣ್ಣೆ ಹಾಕೋ ‘ಸರ್ವಿಸ್’ನಲ್ಲಿ ಎರಡನೇದು ಮಾಮೂಲು.

ಕಾಂತ ಪರೀಕ್ಷೆಗೆ ಸಣ್ಣ ಮುಳ್ಳಿನ ದಿಕ್ಸೂಚಿ ಬೇಕು, ಫೋನಿನದ್ದು ಆಗಲ್ಲ. ಓಡ್ತಿರೋ ವಾಚಿನ ಮೇಲೆ ಇಟ್ಟಾಗ ಮುಳ್ಳು ನಡುಗಿದರೆ ಕಾಂತ ಇದೆ. ಕಾಂತ ತೆಗೆಯೋ ನೀಲಿ ಡಬ್ಬಿ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತೆ. ವಾಚನ್ನ ಮೇಲಿಟ್ಟು ಗುಂಡಿ ಒತ್ತಿ, ಒತ್ತಿಕೊಂಡೇ ನಿಧಾನ ಮೇಲಕ್ಕೆ ಒಂದು ಮೊಳ ದೂರ ಎಳೆದು ಆಮೇಲೆ ಬಿಡಿ. ಹತ್ತಿರದಲ್ಲೇ ಗುಂಡಿ ಬಿಟ್ಟರೆ ಮತ್ತೆ ಕಾಂತ ಹಿಡಿಯುತ್ತೆ. ಇದಕ್ಕೆ ಬ್ಯಾಕ್ ತೆಗೆಯಬೇಕಿಲ್ಲ. ಆದರೆ ಮೊದಲು ವಾಚಿನ ವೇಗ ಅಳೆಯೋ ಟೈಮ್‌ಗ್ರಾಫರ್ ಆ್ಯಪ್‌ನಲ್ಲಿ ಫೋನಿನ ಮೈಕಿಗೆ ವಾಚು ತಾಗಿಸಿ ಅಳೆದು ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ದೂರಿಗೆ ಬೇಕಾಗುತ್ತೆ.

ವೇಗ ಹೆಚ್ಚು ಕಡಿಮೆ ಮಾಡೋ ರೆಗ್ಯುಲೇಟರ್ ಕಡ್ಡಿ ತಳ್ಳಿ ಸಮಯ ಸರಿ ಮಾಡ್ತೀನಿ ಅನ್ನೋರ ಕೈಗೆ ಕೊಡಬೇಡಿ. ರೋಗ ಹಾಗೇ ಇರುತ್ತೆ.

ಮೂರನೇ ಬಿಡ್

ಮಷೀನು ಚೆನ್ನಾಗಿದೆ ಅನ್ನೋ ಕಾರಣಕ್ಕೆ ದುಡ್ಡು ಬಿಡಬೇಡಿ. ನೀವು ಕೊಂಡದ್ದು ‘ಒರಿಜಿನಲ್ ಡಯಲ್’ ಅನ್ನೋ ಮಾತಿನ ಮೇಲೆ. ಬಣ್ಣ ಫೋಟೋದಲ್ಲಿ ಕಾಣ್ತಿತ್ತು ಅಂತ ಅವರು ವಾದಿಸ್ತಾರೆ, ಆದರೆ ಬರಹದಲ್ಲಿರೋ ಮಾತು ಸುಳ್ಳಾದರೆ ಫೋಟೋ ಅವರನ್ನ ಕಾಪಾಡಲ್ಲ.

ಇಬೇ ಆದರೆ ವಸ್ತು ತಲುಪಿದ ಮೇಲೆ 30 ದಿನದೊಳಗೆ ‘ವಿವರಣೆಗೆ ಹೊಂದುತ್ತಿಲ್ಲ’ ಅಂತ ರಿಟರ್ನ್ ತೆರೆಯಬೇಕು. ‘ಮನಸ್ಸು ಬದಲಾಯ್ತು’ ಆರಿಸಿದರೆ ಅಂಚೆ ಖರ್ಚು ನಿಮ್ಮ ತಲೆ ಮೇಲೆ ಬರಬಹುದು. ಮಾರಾಟಗಾರರಿಗೆ 3 ಕೆಲಸದ ದಿನ ಟೈಮು. ಅವರು ಸುಮ್ಮನಿದ್ದರೆ ಸೈಟಿನವರನ್ನೇ ಮಧ್ಯೆ ಬರಹೇಳಿ. ಬೇರೆ ಸೈಟಾದರೆ ಅದರ ಗಡುವು ಇವತ್ತೇ ನೋಡಿ. ದೂರಿನಲ್ಲಿ ಮೂರೇ ವಾಕ್ಯ: ಡಯಲ್‌ಗೆ ಮತ್ತೆ ಬಣ್ಣ ಬಳಿದಿದೆ, ಮುಳ್ಳು ಬೇರೆ ಮಾಡೆಲ್‌ದು, ಸರ್ವಿಸ್ ಆಗಿದೆ ಅಂದದ್ದು ದಿನಕ್ಕೆ 540 ಸೆಕೆಂಡ್ ತಪ್ಪುತ್ತಿದೆ. ‘ನಕಲಿ’ ಪದ ಬೇಡ, ಮಷೀನು ಅಸಲಿ ಅಂತ ತೋರಿಸಿ ಜಾರಿಕೊಳ್ತಾರೆ. ಲಿಸ್ಟಿಂಗ್‌ನ ಸ್ಕ್ರೀನ್‌ಶಾಟ್ ಈಗಲೇ ತೆಗೀರಿ.

ಆ 10 ಪೌಂಡ್ ಒಪ್ಪಿಕೊಂಡರೆ ವಿಷಯ ಅಲ್ಲಿಗೆ ಮುಗಿಯಿತು ಅಂತಲೇ ಲೆಕ್ಕ. ರೇಟಿಂಗ್‌ಗೆ ಬದಲು ದುಡ್ಡು ಅನ್ನೋ ಮೆಸೇಜನ್ನ ಅಳಿಸಬೇಡಿ. ‘ದೂರು ಮುಚ್ಚಿ, ಹೊರಗಡೆ ದುಡ್ಡು ಕಳಿಸ್ತೀನಿ’ ಅಂದರೂ ಮುಚ್ಚಬೇಡಿ, ಮುಚ್ಚಿದ್ದು ಮತ್ತೆ ತೆರೆಯೋದು ಕಷ್ಟ. ಪೇಪಾಲ್‌ನಲ್ಲಿ ಕಟ್ಟಿದ್ದರೆ ಅಲ್ಲಿ 180 ದಿನದ ದಾರಿ ಬೇರೆ ಇದೆ. ನಿಮ್ಮಲ್ಲಿ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡವರಿಗೆ ಇರೋ ಸೆಕ್ಷನ್ 75 ರಕ್ಷಣೆ ವಸ್ತುವಿನ ಬೆಲೆ 100 ಪೌಂಡ್ ದಾಟಿದರೆ ಮಾತ್ರ, ಹಾಗಾಗಿ ಅದು ಬರಲ್ಲ. ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ (ಕಾರ್ಡಿನಿಂದ ಹೋದ ದುಡ್ಡು ವಾಪಸ್) ಕೇಳಬಹುದು.

ಲೆಸ್ಟರ್‌ವಾಸಿ

ದೂರು ತೆರೆದೆ. ದಿಕ್ಸೂಚಿ ಇಟ್ಟು ನೋಡಿದೆ, ಮುಳ್ಳು ನಡುಗುತ್ತೆ. ವಾಪಸ್ ಕಳಿಸೋವಾಗ ಏನು ನೋಡ್ಕೋಬೇಕು?

ಮೂರನೇ ಬಿಡ್

ಅಂಚೆ ಲೇಬಲ್ ಅಥವಾ ಅದರ ದುಡ್ಡು ಮಾರಾಟಗಾರರಿಂದ ಬಂದ ಮೇಲೇ ಕಳಿಸಿ. ಟ್ರ್ಯಾಕಿಂಗ್ ಇಲ್ಲದೆ ಕಳಿಸಿದರೆ ‘ತಲುಪಿಲ್ಲ’ ಅನ್ನೋ ಒಂದೇ ಮಾತಿಗೆ ಸೋಲ್ತೀರಿ. ಸಿಎನ್22 ಅನ್ನೋ ಕಸ್ಟಮ್ಸ್ ಫಾರ್ಮ್‌ನಲ್ಲಿ ‘ರಿಟರ್ನ್ಡ್ ಗೂಡ್ಸ್’ ಅನ್ನೋ ಚೌಕಕ್ಕೆ ಗುರುತು ಹಾಕಿ, ಇಲ್ಲದಿದ್ದರೆ ಅಲ್ಲಿ ಸುಂಕ ಕೇಳಿ ಪಾರ್ಸೆಲ್ ನಿಂತುಬಿಡಬಹುದು.

ಹೇರ್‌ಸ್ಪ್ರಿಂಗ್

ಕೀ ಪೂರ್ತಿ ಇಳಿದು ವಾಚು ನಿಂತ ಮೇಲೆ ಪ್ಯಾಕ್ ಮಾಡಿ. ಗ್ಲಾಸು ಪ್ಲಾಸ್ಟಿಕ್, ಒತ್ತಡಕ್ಕೆ ಸೀಳುತ್ತೆ. ಮೆತ್ತನೆ ಬಟ್ಟೆ ಸುತ್ತಿ ಗಟ್ಟಿ ಡಬ್ಬಿಯಲ್ಲಿಡಿ. ಮುಚ್ಚೋ ಮೊದಲು ನಾಲ್ಕೂ ಕಡೆಯಿಂದ ವಿಡಿಯೋ ಆಗಲಿ. ಇನ್ನೊಂದು ಕೊಳ್ಳೋವಾಗ ಮಷೀನಿನ ಫೋಟೋ ಕೇಳಿ. ಅದನ್ನ ಕೊಡದವರ ಲಿಸ್ಟಿಂಗ್‌ಗೆ ಬಿಡ್ ಹಾಕಬೇಡಿ. ಬಣ್ಣ ಮಾಸಿದ, ಚುಕ್ಕೆ ಬಿದ್ದ ಕಪ್ಪು ಡಯಲ್ ಸಿಕ್ಕರೆ ಅದನ್ನೇ ತಗೊಳ್ಳಿ.