ಹಳೆಯ ಫೋಕ್ಸ್‌ವ್ಯಾಗನ್ ಟಿ3 ವ್ಯಾನಿಗೆ 1.9 ಟಿಡಿಐ ಎಂಜಿನ್: ಮನೆಯಲ್ಲೇ ಕೂರಿಸಿದವರ ಅನುಭವ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪದ ಹಳ್ಳಿಯೊಂದರಲ್ಲಿ ವಾಸವಾಗಿದ್ದೇನೆ. ನಮ್ಮ ಬಳಿ 1985ರ ಫೋಕ್ಸ್‌ವ್ಯಾಗನ್ ಟಿ3 ವ್ಯಾನ್ ಇದೆ. ಅದರಲ್ಲಿರುವುದು 1.6 ಲೀಟರಿನ, 50 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಮನೆಯ ನಾಲ್ವರೂ ಸಾಮಾನಿನೊಂದಿಗೆ ಹೊರಟರೆ ಪ್ರತಿ ಏರಿನಲ್ಲೂ ಲಾರಿಗಳ ಹಿಂದೆ ಮೂರನೆಯ ಗೇರಿನಲ್ಲಿ ತೆವಳಬೇಕಾಗುತ್ತದೆ. ಇದಕ್ಕೆ 1.9 ಟಿಡಿಐ, ಅಂದರೆ 1.9 ಲೀಟರಿನ ಟರ್ಬೊ ಡೀಸೆಲ್ ಎಂಜಿನ್ ಕೂರಿಸುವ ಯೋಚನೆಯಿದೆ. ಗ್ಯಾರೇಜ್ ಇದೆ, ಸ್ಪ್ಯಾನರ್ ಹಿಡಿದು ಅಭ್ಯಾಸವೂ ಇದೆ. ಯಾವ ಎಂಜಿನ್ ಕೊಳ್ಳಬೇಕು, ಎಲ್ಲೆಲ್ಲಿ ಎಚ್ಚರ ಬೇಕು ಎಂಬುದನ್ನು ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಸರ್, ನಾಲ್ಕು ವರ್ಷಗಳ ಹಿಂದೆ ನಾನೂ ನನ್ನ ತಮ್ಮನೂ ಸೇರಿ ಇದೇ ಕೆಲಸವನ್ನು ಮನೆಯ ಹಿಂದಿನ ಶೆಡ್ಡಿನಲ್ಲಿ ಮಾಡಿದೆವು. ಎರಡು ತಿಂಗಳು ಎಂದುಕೊಂಡದ್ದು ಏಳು ತಿಂಗಳಾಯಿತು. ಹಳೆಯ ಎಂಜಿನ್ ಇಳಿಸಲು ಒಂದೂವರೆ ದಿನ, ಹೊಸದನ್ನು ಏರಿಸಲು ಎರಡು ದಿನ ಸಾಕಾದವು. ಉಳಿದ ಕಾಲವೆಲ್ಲ ಅದರ ಸುತ್ತಲಿನ ಸಣ್ಣ ಭಾಗಗಳನ್ನು ಹುಡುಕುವುದರಲ್ಲಿ, ಹೊಂದಿಸುವುದರಲ್ಲಿ ಕಳೆಯಿತು. ಇದಕ್ಕೆ ಕಾರಣ ಎಂಜಿನ್ ಕೂರುವ ಭಂಗಿ. ಟಿ3 ಡೀಸೆಲ್ ವ್ಯಾನಿನಲ್ಲಿ ಎಂಜಿನ್ ಹಿಂಬದಿಯಲ್ಲಿ, ಸಾಮಾನಿಡುವ ಹಲಗೆಯ ಕೆಳಗೆ, ಎಡಕ್ಕೆ 50 ಡಿಗ್ರಿ ಒರಗಿಕೊಂಡಿರುತ್ತದೆ. ಗಾಲ್ಫ್, ಪಸಾಟ್, ಔಡಿ 80 ಕಾರುಗಳಿಂದ ಬಿಚ್ಚಿ ತರುವ ಟಿಡಿಐ ಎಂಜಿನ್ ಇಷ್ಟು ಒರಗಿ ಕೆಲಸ ಮಾಡಲೆಂದು ಸಿದ್ಧವಾದದ್ದಲ್ಲ. ಒರಗಿಸಿದ ಕೂಡಲೇ ಎಣ್ಣೆ ನಿಲ್ಲುವ ಜಾಗ, ಹಿಂದಿರುಗುವ ದಾರಿ, ಅಳೆಯುವ ಕಡ್ಡಿ ಎಲ್ಲವೂ ಬದಲಾಗುತ್ತವೆ.

ಆದ್ದರಿಂದ ತಮ್ಮ ಹಳೆಯ ಎಂಜಿನ್ನನ್ನು ಗುಜರಿಗೆ ಹಾಕುವ ಆತುರ ಬೇಡ. ಅದರ ಆಯಿಲ್ ಸಂಪ್ (ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ), ಎಣ್ಣೆ ಹೀರುವ ಕೊಳವೆ, ಎರಡೂ ಬದಿಯ ಎಂಜಿನ್ ಬ್ರಾಕೆಟ್‌ಗಳು, ಫ್ಲೈವೀಲ್ ಇವೆಲ್ಲ ಹೊಸ ಎಂಜಿನ್ನಿಗೆ ಬೇಕಾಗುತ್ತವೆ. ಇವು ಹೊಂದಿಕೊಳ್ಳಬೇಕಾದರೆ ಎಂಜಿನ್ನಿನ ಆಯ್ಕೆ ಸರಿಯಾಗಿರಬೇಕು. ಬ್ಲಾಕಿನ ಮೇಲಿನ ಗುರುತು 1ಝಡ್ ಅಥವಾ ಎಎಚ್‌ಯು ಎಂದಿದ್ದರೆ ಅದು 90 ಅಶ್ವಶಕ್ತಿಯದು, ಎಎಫ್‌ಎನ್ ಎಂದಿದ್ದರೆ 110. ಈ ಮೂರರಲ್ಲೂ ಆಯಿಲ್ ಪಂಪನ್ನು ತಿರುಗಿಸುವುದು, ತಮ್ಮ ಹಳೆಯ ಎಂಜಿನ್ನಿನಲ್ಲಿ ಇರುವಂತೆಯೇ, ನಡುವಿನ ಒಂದು ಶಾಫ್ಟ್. ಆನಂತರ ಬಂದ ಎಎಲ್‌ಎಚ್, ಎಜಿಆರ್ ಎಂಜಿನ್ನುಗಳಲ್ಲಿ ಆ ಶಾಫ್ಟ್ ಇಲ್ಲ. ಪಂಪು ಚೈನಿನಿಂದ ಓಡುತ್ತದೆ, ಟಿ3 ಸಂಪ್ ಅದಕ್ಕೆ ನೇರವಾಗಿ ಕೂರುವುದಿಲ್ಲ. ಅವೂ 1.9 ಟಿಡಿಐ ಎಂದೇ ಮಾರಾಟಕ್ಕೆ ಬರುತ್ತವೆ, ಬೆಲೆಯೂ ಆಕರ್ಷಕವಾಗಿರುತ್ತದೆ. ಗುರುತಿನ ಅಕ್ಷರಗಳನ್ನು ಕಣ್ಣಾರೆ ಓದದೆ ಮುಂಗಡ ಕೊಡಬೇಡಿ.

ಇನ್ನೊಂದು ಚಿಕ್ಕ ಭಾಗವನ್ನು ಇಲ್ಲೇ ಹೇಳಿಬಿಡುತ್ತೇನೆ. ಟಿ3 ಗೇರ್‌ಬಾಕ್ಸಿನ ಶಾಫ್ಟಿನ ತುದಿಗೆ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯಲ್ಲಿ ಪೈಲಟ್ ಬೇರಿಂಗ್ ಆಸರೆಯಾಗಿರಬೇಕು. ಎಂಜಿನ್ ಅಡ್ಡಡ್ಡಲಾಗಿ ಕೂರುವ ಕಾರುಗಳಿಂದ ತಂದ ಎಂಜಿನ್ನಿನಲ್ಲಿ ಆ ಬೇರಿಂಗ್ ಇರುವುದಿಲ್ಲ. ನಾವು ಇದನ್ನು ಮರೆತು ಗೇರ್‌ಬಾಕ್ಸ್ ಜೋಡಿಸಿ, ಮತ್ತೆ ಎಲ್ಲವನ್ನೂ ಬಿಚ್ಚಿದೆವು.

ನಮಗೆ ನಿಜವಾಗಿ ಭಯವಾದದ್ದು ಎಣ್ಣೆಯ ವಿಷಯದಲ್ಲಿ. ಟಿಡಿಐ ಜೊತೆ ಬಂದಿದ್ದ ಡಿಪ್‌ಸ್ಟಿಕ್ಕನ್ನೇ ನಂಬಿ, ಗುರುತು ಮುಟ್ಟುವ ತನಕ ಎಣ್ಣೆ ಸುರಿದೆವು. ಎಂಜಿನ್ ಒರಗಿರುವುದರಿಂದ ಆ ಗುರುತು ಸುಳ್ಳಾಗಿತ್ತು, ಎಣ್ಣೆ ಹೆಚ್ಚಾಗಿತ್ತು. ಹೆಚ್ಚಾದ ಎಣ್ಣೆ ಎಂಜಿನ್ನಿನ ಉಸಿರಾಟದ ಕೊಳವೆಯಿಂದ ಟರ್ಬೊಗೆ (ಎಂಜಿನ್ನಿಗೆ ಗಾಳಿ ಒತ್ತುವ ಭಾಗಕ್ಕೆ) ನುಗ್ಗಿ ಗಾಳಿಯೊಂದಿಗೆ ಎಂಜಿನ್ ಸೇರಿತು. ಚಾವಿ ತೆಗೆದರೂ ಎಂಜಿನ್ ನಿಲ್ಲದೆ, ತನ್ನ ಎಣ್ಣೆಯನ್ನೇ ಕುಡಿಯುತ್ತ, ವೇಗ ಹೆಚ್ಚಿಸಿಕೊಳ್ಳತೊಡಗಿತು. ನನ್ನ ತಮ್ಮನು ಪಕ್ಕದಲ್ಲಿದ್ದ ಪ್ಲೈವುಡ್ ತುಂಡನ್ನು ಗಾಳಿ ಎಳೆಯುವ ಬಾಯಿಗೆ ಒತ್ತಿ ಹಿಡಿದದ್ದರಿಂದ ಎಂಜಿನ್ ಉಳಿಯಿತು, ನಾವೂ ಉಳಿದೆವು. ಕೈಪಿಡಿ ಹೇಳುವ ಲೀಟರ್ ಲೆಕ್ಕದಲ್ಲಿ ಎಣ್ಣೆಯನ್ನು ಅಳೆದು ಸುರಿಯಿರಿ. ವ್ಯಾನ್ ಸಮತಟ್ಟಾದ ನೆಲದ ಮೇಲಿರುವಾಗ ಕಡ್ಡಿಗೆ ಹೊಸ ಗುರುತು ಹಾಕಿ. ಮೊದಲ ಸಲ ಶುರುಮಾಡುವಾಗ ಇಂಥದೊಂದು ಹಲಗೆ ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಲಿ. ಟರ್ಬೊದಿಂದ ಎಣ್ಣೆ ಹಿಂದಿರುಗುವ ಕೊಳವೆ ಎಲ್ಲೂ ಮಡಚದೆ ಇಳಿಜಾರಾಗಿಯೇ ಸಾಗಬೇಕು ಎಂಬುದನ್ನೂ ಗಮನಿಸಿ.

ಎರಡನೆಯ ಉತ್ತರ

ನಮಸ್ಕಾರ. ಮೇಲಿನವರು ಎಂಜಿನ್ನಿನ ಬಗ್ಗೆ ಹೇಳಿದ್ದೆಲ್ಲ ಸರಿಯಾಗಿದೆ. ನಾನು ಕಾಗದಪತ್ರಗಳ ಬಗ್ಗೆ ಹೇಳಬೇಕೆಂದಿದ್ದೇನೆ, ಏಕೆಂದರೆ ನನ್ನ ಪತಿಯೂ ನಾನೂ ಕಷ್ಟಪಟ್ಟದ್ದು ಅಲ್ಲಿ. ಎಂಜಿನ್ ಕೊಳ್ಳುವ ಮೊದಲೇ ವಾಹನಗಳನ್ನು ಪರೀಕ್ಷಿಸುವ ಟ್ಯೂಫ್ ಅಥವಾ ಡೆಕ್ರಾ ಸಂಸ್ಥೆಯ ಕೇಂದ್ರದ ಪರೀಕ್ಷಕರನ್ನು ಕಂಡು ತಮ್ಮ ಯೋಜನೆಯನ್ನು ವಿವರಿಸಿ. ಬೇರೆ ಎಂಜಿನ್ ಕೂರಿಸಿದರೆ ವಾಹನದ ಅನುಮತಿ ರದ್ದಾಗಬಹುದು. ಆಗ ವಾಹನ ಅನುಮತಿ ನಿಯಮಾವಳಿಯ (StVZO) 21ನೆಯ ಪರಿಚ್ಛೇದದಂತೆ ಅದನ್ನು ಬಿಡಿಯಾಗಿ ಪರೀಕ್ಷಿಸಿ, ನೋಂದಣಿ ಪತ್ರದಲ್ಲಿ ಬರೆಸಬೇಕು. ಅದಾಗುವ ತನಕ ರಸ್ತೆಗಿಳಿಸಿದರೆ ವಿಮೆಯೂ ಕೈಬಿಡುವ ಅಪಾಯವಿದೆ.

ಅನೇಕರು ವೈರಿಂಗಿಗೆ ಅಂಜಿ, ಟಿಡಿಐ ಎಂಜಿನ್ನಿಗೆ ಹಳೆಯ ಕಾಲದ, ಕೇಬಲ್ ಎಳೆಯುವ ಯಾಂತ್ರಿಕ ಡೀಸೆಲ್ ಪಂಪನ್ನು ಜೋಡಿಸುತ್ತಾರೆ. ಓಡಿಸಲು ಅದು ಬಹಳ ಸೊಗಸಾಗಿರುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಎಂಜಿನ್ ಹೊಗೆಯ ದರ್ಜೆ (ಮಾಲಿನ್ಯದ ಶ್ರೇಣಿ) ಪಡೆದದ್ದು ಅದರ ಎಲೆಕ್ಟ್ರಾನಿಕ್ ಪಂಪು, ಕಂಟ್ರೋಲ್ ಯೂನಿಟ್, ಹೊಗೆಯನ್ನು ಮರಳಿಸುವ ವಾಲ್ವ್, ಕ್ಯಾಟಲಿಸ್ಟ್ ಇವುಗಳೊಂದಿಗೆ. ಅವನ್ನು ಬಿಟ್ಟರೆ ಆ ದರ್ಜೆಯನ್ನು ಕೇಳುವ ಹಾಗಿಲ್ಲ. ನನ್ನ ಅಭಿಪ್ರಾಯದಲ್ಲಿ ಟಿಡಿಐ ಎಂಜಿನ್ ಇರುವ ಇಡೀ ಕಾರನ್ನೇ ಕೊಂಡು, ಎಂಜಿನ್, ವೈರಿಂಗ್, ರಿಲೇಗಳು, ಪೆಡಲ್ ಸೆನ್ಸರ್ ಎಲ್ಲವನ್ನೂ ಒಟ್ಟಿಗೆ ಬಿಚ್ಚಿಕೊಳ್ಳುವುದೇ ಮೇಲು. ಚಾವಿಯ ಎಲೆಕ್ಟ್ರಾನಿಕ್ ಬೀಗ ಬರುವುದಕ್ಕೆ ಮುಂಚಿನ, ತೊಂಬತ್ತರ ದಶಕದ ಮೊದಲ ವರ್ಷಗಳ 1ಝಡ್ ಸಿಕ್ಕರೆ ಕೆಲಸ ಇನ್ನಷ್ಟು ಹಗುರ. ಪೆಡಲ್ ಸೆನ್ಸರನ್ನು ನಾವು ಹಿಂದೆ ಎಂಜಿನ್ ಬಳಿಯೇ ಕೂರಿಸಿ, ವ್ಯಾನಿನ ಮೂಲ ಕೇಬಲಿನಿಂದಲೇ ಎಳೆಯುವಂತೆ ಮಾಡಿದೆವು.

ತಮ್ಮ ವ್ಯಾನಿಗೆ 30 ವರ್ಷ ದಾಟಿರುವುದರಿಂದ ಎಚ್ ಫಲಕದ, ಅಂದರೆ ಹಳೆಯ ಚಾರಿತ್ರಿಕ ವಾಹನಗಳಿಗೆ ಕೊಡುವ ನಂಬರ್ ಫಲಕದ ವಿಚಾರವೂ ಬರುತ್ತದೆ. ಅದಿದ್ದರೆ ವರ್ಷದ ತೆರಿಗೆ 191.73 ಯೂರೊ ಮಾತ್ರ. ಹೆಚ್ಚು ಹೊಗೆಯ ವಾಹನಗಳನ್ನು ತಡೆಯುವ ಪರಿಸರ ವಲಯದ ನಗರಗಳಿಗೂ ಮಾಲಿನ್ಯದ ಚೀಟಿಯಿಲ್ಲದೆ ಹೋಗಬಹುದು. ಅದರ ಪರೀಕ್ಷೆಯಲ್ಲಿ ವಾಹನ ತಯಾರಾಗಿ ಹತ್ತು ವರ್ಷಗಳೊಳಗೆ ಆಗಬಹುದಾಗಿದ್ದ ಬದಲಾವಣೆಯೇ ಎಂದು ಸಾಮಾನ್ಯವಾಗಿ ನೋಡುತ್ತಾರೆ. 1985ರ ವ್ಯಾನಿಗೆ 1991ರಲ್ಲಿ ಬಂದ 1ಝಡ್ ಈ ಲೆಕ್ಕದಲ್ಲಿ ಒಗ್ಗುತ್ತದೆ, ಎಎಫ್‌ಎನ್ ಕಷ್ಟ. ಅಶ್ವಶಕ್ತಿ 50ರಿಂದ 90ಕ್ಕೆ ಏರುವುದರಿಂದ ಬ್ರೇಕಿನ ಬಗ್ಗೆಯೂ ಪರೀಕ್ಷಕರು ಕೇಳುತ್ತಾರೆ, ಕೇಳಬೇಕಾದದ್ದೇ.

ಮೂರನೆಯ ಉತ್ತರ

ನಾನು ಎರಡು ವಿಷಯ ಸೇರಿಸುತ್ತೇನೆ. ಟಿ3 ಎಂಜಿನ್ ಕೆಳಗಿನಿಂದ ಇಳಿಯುತ್ತದೆ. ಹಿಂಬದಿಯನ್ನು ಬಹಳ ಎತ್ತರಕ್ಕೆ ಏರಿಸಬೇಕಾಗುತ್ತದೆ, ನೂರು ಕಿಲೋ ಮೀರಿದ ಭಾರದ ಜೊತೆ ಕೆಳಗೆ ಮಲಗಿ ಕೆಲಸ ಮಾಡಬೇಕಾಗುತ್ತದೆ. ಜ್ಯಾಕನ್ನು ಮಾತ್ರ ನಂಬಿ ಒಂದು ಕ್ಷಣವೂ ಅಡಿಗೆ ಹೋಗಬೇಡಿ. ಗಟ್ಟಿಯಾದ ಸ್ಟ್ಯಾಂಡ್‌ಗಳು ಸಿಗದಿದ್ದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ವರ್ಕ್‌ಶಾಪಿನ ಲಿಫ್ಟ್ ಹಿಡಿಯಿರಿ.

ಎರಡನೆಯದು ನೀರು. ರೇಡಿಯೇಟರ್ ಮುಂದಿದೆ, ಎಂಜಿನ್ ಹಿಂದಿದೆ, ನಡುವೆ ವ್ಯಾನಿನುದ್ದಕ್ಕೂ ಎರಡು ಕೊಳವೆಗಳು. ಒಳಗೆ ಗಾಳಿ ಉಳಿದರೆ ಮೀಟರಿನ ಮುಳ್ಳು ಏರುವ ಮೊದಲೇ ಎಂಜಿನ್ನಿನ ಸಿಲಿಂಡರ್ ಹೆಡ್ ಬಿಸಿಯಿಂದ ಕೆಟ್ಟಿರುತ್ತದೆ. ಮುಂಭಾಗವನ್ನು ಎತ್ತರಿಸಿ ನಿಲ್ಲಿಸಿ, ರೇಡಿಯೇಟರಿನ ಮೇಲ್ತುದಿಯ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದೆ ನೀರು ಹರಿಯುವ ತನಕ ತಾಳ್ಮೆಯಿಂದ ತುಂಬಿಸಿ. ಕೊಳವೆಗಳು ಹಳೆಯವಾಗಿದ್ದರೆ ಎಂಜಿನ್ ಕೆಳಗಿರುವಾಗಲೇ ಬದಲಿಸಿಬಿಡಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಬರುವ ವಾರ ಪರೀಕ್ಷಕರನ್ನು ಕಾಣುತ್ತೇನೆ, 1ಝಡ್ ಹುಡುಕುತ್ತೇನೆ. ಗೇರ್‌ಬಾಕ್ಸ್ ಮಾತ್ರ ಹಳೆಯದನ್ನೇ ಉಳಿಸಿಕೊಳ್ಳಬಹುದೇ?

ಮೊದಲು ಉತ್ತರಿಸಿದವರು

ಉಳಿಸಿಕೊಳ್ಳಬಹುದು ಸರ್. ತಮ್ಮದು ಡೀಸೆಲ್ ವ್ಯಾನ್ ಆದ್ದರಿಂದ ಎಂಜಿನ್ನಿಗೆ ಗೇರ್‌ಬಾಕ್ಸ್ ಸೇರುವ ಕವಚವಾದ ಬೆಲ್ ಹೌಸಿಂಗ್ ಹಾಗೆಯೇ ಹೊಂದುತ್ತದೆ. ಪೆಟ್ರೋಲ್ ವ್ಯಾನಿನವರು ಅದನ್ನೂ ಬದಲಿಸಬೇಕು. ಆದರೆ 50 ಅಶ್ವಶಕ್ತಿಗೆಂದು ಮಾಡಿದ ಗೇರುಗಳು ಬಹಳ ಗಿಡ್ಡ. ಹೆದ್ದಾರಿಯಲ್ಲಿ ಎಂಜಿನ್ ಅನವಶ್ಯಕವಾಗಿ ಕಿರುಚುತ್ತದೆ, ಡೀಸೆಲ್ಲೂ ಹೆಚ್ಚು ಕುಡಿಯುತ್ತದೆ. ನಾವು ಒಂದು ವರ್ಷ ಹಾಗೆಯೇ ಓಡಿಸಿ, ನಂತರ ಕೊನೆಯ ಗೇರನ್ನು ಉದ್ದದ್ದಕ್ಕೆ ಬದಲಿಸಿಕೊಂಡೆವು. ಈಗ ಎಂಜಿನ್ ಜೊತೆಗೆ ಗೇರ್‌ಬಾಕ್ಸೂ ಕೆಳಗಿಳಿಯುವುದರಿಂದ, ಹಣ ಒದಗುವುದಾದರೆ ಈ ಸಲವೇ ಮಾಡಿಸಿಬಿಡಿ.