‘ಟೆರಾ ನೋವಾ’ವನ್ನು ಮಕ್ಕಳ ಜೊತೆ ಕುಳಿತು ನೋಡಬಹುದೇ? ನೋಡಿದವರ ಅನುಭವಗಳು

ಪ್ರಶ್ನೆ

ಏಳು ವರ್ಷದ ಮಗಳಿಗೆ ಡೈನೋಸಾರ್ ಹುಚ್ಚು. ಹದಿಮೂರರ ಮಗನಿಗೆ ಕಾಲಯಾನದ ಕಥೆಗಳೆಂದರೆ ಪ್ರಾಣ. ಆದರೆ ಪ್ರತಿಯೊಂದಕ್ಕೂ ‘ಅದು ಹೇಗೆ ಸಾಧ್ಯ’ ಎಂದು ತಕರಾರು ತೆಗೆಯುತ್ತಾನೆ. ಅತ್ತೆಯವರೂ ಸೇರಿ ಎಲ್ಲರೂ ಒಟ್ಟಿಗೆ ಕುಳಿತು ನೋಡುವಂಥ ಧಾರಾವಾಹಿಯೊಂದನ್ನು ಹುಡುಕುತ್ತಿದ್ದೇನೆ. 2011ರ ಅಮೆರಿಕದ ‘ಟೆರಾ ನೋವಾ’ ನೋಡಿ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅದು ಒಂದೇ ಸೀಸನ್‌ಗೆ ನಿಂತುಹೋಯಿತಂತೆ. ಮಕ್ಕಳು ಹೆದರುವಂಥದ್ದು ಎಷ್ಟಿದೆ? ಅರ್ಧಕ್ಕೆ ನಿಂತ ಕಥೆಯನ್ನು ಶುರು ಮಾಡುವುದರಲ್ಲಿ ಅರ್ಥವಿದೆಯೇ? ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ: ಎರಡು ಮಕ್ಕಳ ತಾಯಿ

ನಾವು ಪೂರ್ತಿ ನೋಡಿದ್ದೇವೆ, ಒಟ್ಟು 13 ಕಂತು. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ: ನಿಮ್ಮ ಮಗಳನ್ನು ಡೈನೋಸಾರ್ ಆಸೆ ತೋರಿಸಿ ಕೂರಿಸಿದರೆ ಅವಳು ನಿಮ್ಮನ್ನು ಬಿಡುವುದಿಲ್ಲ. ಹೆಸರಿಗೆ ಡೈನೋಸಾರ್ ಧಾರಾವಾಹಿ, ಒಳಗಿರುವುದು ಸಂಸಾರ. ಕೆಲವು ಕಂತುಗಳಲ್ಲಿ ಡೈನೋಸಾರ್ ಮುಖ ತೋರಿಸುವುದು ನಾಲ್ಕೈದು ನಿಮಿಷ ಇರಬಹುದು. ಉಳಿದದ್ದೆಲ್ಲ ಗಂಡ ಹೆಂಡತಿಯ ಮಾತು, ಅಪ್ಪ ಮಗನ ಮುನಿಸು, ವಸಾಹತಿನ ಒಳಜಗಳ. ನನ್ನ ಮಟ್ಟಿಗೆ ಅದೇ ಇದರ ಒಳ್ಳೆಯ ಗುಣ. ಅತ್ತೆಯವರಿಗೂ ಖಂಡಿತ ಹಿಡಿಸುತ್ತದೆ.

ಕಥೆ ಆರಂಭವಾಗುವುದು 2149ರಲ್ಲಿ. ಭೂಮಿಯ ಗಾಳಿ ಕೆಟ್ಟು, ಜನ ಮುಖಕ್ಕೆ ಉಸಿರಾಟದ ಯಂತ್ರ ಕಟ್ಟಿಕೊಂಡು ಓಡಾಡುತ್ತಿರುತ್ತಾರೆ. ಅಪ್ಪ ಮನೆಗೆ ಒಂದು ಕಿತ್ತಳೆ ಹಣ್ಣು ತರುತ್ತಾನೆ, ಒಂದೇ ಒಂದು. ಅದನ್ನು ಮನೆಯವರೆಲ್ಲ ಸುತ್ತುಗಟ್ಟಿ ನೋಡುವ ರೀತಿಯಲ್ಲೇ ಆ ಲೋಕಕ್ಕೆ ಏನಾಗಿದೆ ಎಂಬುದು ತಿಳಿಯುತ್ತದೆ, ವಿವರಣೆ ಬೇಕಾಗುವುದಿಲ್ಲ. ಒಂದು ಮನೆಗೆ ಎರಡೇ ಮಕ್ಕಳು ಎಂಬ ಕಾನೂನಿದೆ. ಶ್ಯಾನನ್ ದಂಪತಿಗೆ ಮೂರನೆಯವಳು ಝೋಯಿ, ಅವಳನ್ನು ಬಚ್ಚಿಟ್ಟು ಸಾಕುತ್ತಿರುತ್ತಾರೆ. ತಪಾಸಣೆಗೆ ಬಂದವರ ಮೇಲೆ ಕೈಮಾಡಿ ಪೊಲೀಸನಾಗಿದ್ದ ಅಪ್ಪ ಜೈಲು ಸೇರುತ್ತಾನೆ. ತಾಯಿ ವೈದ್ಯೆ. ಕಾಲದಲ್ಲಿ ಬಿದ್ದ ಬಿರುಕೊಂದರ ಮೂಲಕ 8.5 ಕೋಟಿ ವರ್ಷ ಹಿಂದಕ್ಕೆ ಹೋಗಿ ‘ಟೆರಾ ನೋವಾ’ ಎಂಬ ವಸಾಹತಿನಲ್ಲಿ ನೆಲೆಸಲು ಹೊರಡುವ ಹತ್ತನೆಯ ತಂಡಕ್ಕೆ ಅವಳು ಆಯ್ಕೆಯಾಗುತ್ತಾಳೆ. ಅಪ್ಪ ಜೈಲಿನಿಂದ ತಪ್ಪಿಸಿಕೊಂಡು, ಝೋಯಿಯನ್ನು ಬೆನ್ನಚೀಲದೊಳಗೆ ಕೂರಿಸಿಕೊಂಡು ಆ ದ್ವಾರ ದಾಟುತ್ತಾನೆ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಯಾರೂ ಉಸಿರೆತ್ತಲಿಲ್ಲ.

ಮೊದಲ ಭಾಗದಲ್ಲೇ ಪುಟ್ಟ ಝೋಯಿ ಬ್ರ್ಯಾಕಿಯೋಸಾರಸ್‌ಗೆ ಸೊಪ್ಪಿನ ಕೊಂಬೆ ಚಾಚುವ ದೃಶ್ಯ ಬರುತ್ತದೆ. ನಿಮ್ಮ ಮಗಳಿಗಾಗಿಯೇ ಮಾಡಿದಂತಿದೆ. ಅದೇ ಆರಂಭಿಕ ಕಂತಿನ ಎರಡನೆಯ ಅರ್ಧಕ್ಕೆ ಮಾತ್ರ ಎಚ್ಚರ. ಹದಿಹರೆಯದವರ ಗುಂಪೊಂದು ಬೇಲಿಯಾಚೆ ಹೋಗಿ, ರಾತ್ರಿ ವಾಹನದೊಳಗೆ ಸಿಕ್ಕಿಬೀಳುತ್ತದೆ. ‘ಸ್ಲ್ಯಾಷರ್’ ಎಂಬ ಪ್ರಾಣಿಗಳು ಸುತ್ತುವರಿಯುತ್ತವೆ. ಅವುಗಳ ಬಾಲದ ತುದಿಯಲ್ಲಿ ಕತ್ತಿಯಂಥ ಅಲಗು. ಕತ್ತಲು, ಕಿರುಚಾಟ, ಒಡೆಯುವ ಗಾಜು. ಏಳು ವರ್ಷದವರಿಗೆ ಅದು ಹೆಚ್ಚೇ. ಮಲಗುವ ಮುನ್ನ ಬೇಡ, ರಜೆಯ ದಿನ ಹಗಲಲ್ಲಿ ನೋಡಿ.

ಮಕ್ಕಳಿಗೆ ಹೇಳಿ ಮಾಡಿಸಿದ ಕಂತು ಎಂದರೆ ಹಾರುವ ಟೆರೋಸಾರ್‌ಗಳದ್ದು. ಚಿಕ್ಕ ಗಾತ್ರದವು, ಹಿಂಡು ಹಿಂಡಾಗಿ ವಸಾಹತಿನ ಮೇಲೆ ಎರಗುತ್ತವೆ. ಏಕೆಂದು ಹುಡುಕಿದರೆ, ಅವು ತಲೆಮಾರುಗಳಿಂದ ಮೊಟ್ಟೆಯಿಡಲು ಬರುತ್ತಿದ್ದ ಜಾಗದಲ್ಲೇ ಮನುಷ್ಯರು ಮನೆ ಕಟ್ಟಿಕೊಂಡಿರುತ್ತಾರೆ. ‘ಹಾಗಾದರೆ ತಪ್ಪು ಯಾರದು’ ಎಂದು ನನ್ನ ಮಗಳು ಕೇಳಿದಳು. ಉತ್ತರ ಹೇಳಲು ನಾವೇನೂ ಅವಸರ ಮಾಡಲಿಲ್ಲ.

ಉತ್ತರ: ವಿಜ್ಞಾನ ಪಾಠ ಮಾಡುವವನು

ತಕರಾರು ತೆಗೆಯುವ ಮಗನಿಗೆ ಬೇಕಾದ ಸರಕು ನನ್ನ ಹತ್ತಿರ ಇದೆ. ಈ ಧಾರಾವಾಹಿಗೆ ಸಲಹೆಗಾರರಾಗಿದ್ದವರು ಹೆಸರಾಂತ ಪಳೆಯುಳಿಕೆ ವಿಜ್ಞಾನಿ ಜ್ಯಾಕ್ ಹಾರ್ನರ್. ಆದರೂ ಕಾಲದ ಲೆಕ್ಕ ಸರಿಹೋಗುವುದಿಲ್ಲ. ಝೋಯಿ ಸೊಪ್ಪು ತಿನ್ನಿಸುವ ಬ್ರ್ಯಾಕಿಯೋಸಾರಸ್ ಬದುಕಿದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ, ಅಂದರೆ ಶ್ಯಾನನ್ ಕುಟುಂಬ ಬಂದಿಳಿಯುವ ಹೊತ್ತಿಗೆ ಅದು ಅಳಿದು ಆರು ಕೋಟಿ ವರ್ಷಕ್ಕೂ ಮೇಲಾಗಿತ್ತು. ಬೆನ್ನಟ್ಟಿ ಬರುವ ಕೊಂಬಿನ ಕಾರ್ನೋಟಾರಸ್‌ನ ಕಥೆ ತಿರುವುಮುರುವು. ಅದು ಸುಮಾರು 7 ಕೋಟಿ ವರ್ಷಗಳ ಹಿಂದಿನದು, ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಅದರ ಪಳೆಯುಳಿಕೆ ಸಿಕ್ಕಿದ್ದು ಅರ್ಜೆಂಟೀನಾದಲ್ಲಿ, ಹೆಸರು ಬಿದ್ದದ್ದು 1985ರಲ್ಲಿ.

ಸ್ಲ್ಯಾಷರ್ ಪೂರ್ತಿ ಕಲ್ಪನೆ. ಅದಕ್ಕೆ ನನ್ನ ಆಕ್ಷೇಪವೇ ಇಲ್ಲ. ಆ ಕಾಲದ ಜೀವಿಗಳಲ್ಲಿ ಪಳೆಯುಳಿಕೆಯಾಗಿ ಉಳಿದವು ತೀರಾ ಕಡಿಮೆ. ನಮಗೆ ಗೊತ್ತಿಲ್ಲದ ಪ್ರಾಣಿಯೊಂದು ಅಲ್ಲಿ ಇದ್ದಿರಬಹುದು ಎಂದು ಊಹಿಸುವ ಹಕ್ಕು ಕಥೆಗಾರನಿಗಿದೆ. ನಿಜವಾದ ಪ್ರಾಣಿಯ ಹೆಸರು ಹೇಳಿ ತಪ್ಪು ಕಾಲದಲ್ಲಿ ನಿಲ್ಲಿಸುವುದು ಬೇರೆ ಮಾತು.

ನಾನು ಮಕ್ಕಳ ಜೊತೆ ಮಾಡಿದ್ದನ್ನು ನೀವೂ ಮಾಡಿ ನೋಡಿ. ಉದ್ದನೆಯ ಕಾಗದದ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿ, ಒಂದು ಸೆಂಟಿಮೀಟರ್ ಎಂದರೆ 10 ಲಕ್ಷ ವರ್ಷ ಎಂದು ಇಟ್ಟುಕೊಳ್ಳಿ. ಇವತ್ತಿನಿಂದ 66 ಸೆಂಟಿಮೀಟರ್ ಆಚೆ ಡೈನೋಸಾರ್‌ಗಳನ್ನು ಅಳಿಸಿದ ಕ್ಷುದ್ರಗ್ರಹ ಬಡಿದ ಗುರುತು. ಅದಕ್ಕೆ ಅಂಟಿಕೊಂಡಂತೆ ಟಿ. ರೆಕ್ಸ್. 85ರಲ್ಲಿ ‘ಟೆರಾ ನೋವಾ’. ಸುಮಾರು 150ರಲ್ಲಿ ಬ್ರ್ಯಾಕಿಯೋಸಾರಸ್ ಮತ್ತು ಸ್ಟೆಗೋಸಾರಸ್. ಮೊದಲ ಡೈನೋಸಾರ್‌ಗಳಿಗೆ 230ರ ಆಸುಪಾಸಿಗೆ ಹೋಗಬೇಕು. ಈ ತುದಿಯಲ್ಲಿ ನಾವು, ಅಂದರೆ ಇಡೀ ಹೋಮೋ ಸೇಪಿಯನ್ಸ್ ಕುಲ, ಬರೀ ಮೂರು ಮಿಲಿಮೀಟರ್. ಸ್ಟೆಗೋಸಾರಸ್‌ಗೂ ಟಿ. ರೆಕ್ಸ್‌ಗೂ ಇರುವ ಅಂತರ ಟಿ. ರೆಕ್ಸ್‌ಗೂ ನಮಗೂ ಇರುವ ಅಂತರಕ್ಕಿಂತ ದೊಡ್ಡದು ಎಂಬುದು ಮಕ್ಕಳಿಗೆ ಕಣ್ಣಳತೆಯಲ್ಲೇ ಸಿಗುತ್ತದೆ. ಆಮೇಲೆ ಯಾವ ಧಾರಾವಾಹಿ ನೋಡಿದರೂ ಅವರೇ ಎದ್ದು ಹೋಗಿ ಪಟ್ಟಿಯ ಮೇಲೆ ಬೆರಳಿಟ್ಟು ತೀರ್ಪು ಕೊಡುತ್ತಾರೆ.

ಅಂದ ಹಾಗೆ, ಟೆರೋಸಾರ್ ಡೈನೋಸಾರ್ ಅಲ್ಲ. ನಿಮ್ಮ ಮಗಳಿಗೆ ಇದು ಈಗಾಗಲೇ ಗೊತ್ತಿರುತ್ತದೆ, ಮನೆಯ ದೊಡ್ಡವರಿಗಾಗಿ ಹೇಳುತ್ತಿದ್ದೇನೆ.

ಉತ್ತರ: ಕಾಲಯಾನದ ಕಥೆ ಎಲ್ಲಿದ್ದರೂ ಬಿಡದವನು

‘ಹಿಂದಕ್ಕೆ ಹೋಗಿ ಒಂದು ಹುಳವನ್ನು ತುಳಿದರೂ ಮುಂದಿನದೆಲ್ಲ ಬದಲಾಗುವುದಿಲ್ಲವೇ?’ ನಿಮ್ಮ ಮಗ ಎತ್ತುವ ಮೊದಲ ಪ್ರಶ್ನೆ ಇದೇ. ‘ಟೆರಾ ನೋವಾ’ ಇದನ್ನು ಆರಂಭದಲ್ಲೇ ಬಗೆಹರಿಸಿಕೊಳ್ಳುತ್ತದೆ. ಬಿರುಕಿನೊಳಗೆ ಮೊದಲು ಒಂದು ಶೋಧಕ ಯಂತ್ರವನ್ನು ಕಳಿಸಿರುತ್ತಾರೆ. ಅದು ನಮ್ಮದೇ ಭೂತಕಾಲಕ್ಕೆ ಹೋಗಿದ್ದರೆ ಅದರ ಸುಳಿವು ಭೂಮಿಯಲ್ಲಿ ಎಲ್ಲೋ ಸಿಗಬೇಕಿತ್ತು, ಸಿಗಲಿಲ್ಲ. ಹಾಗಾಗಿ ಅದು ಬೇರೆಯೇ ಒಂದು ಕಾಲಪ್ರವಾಹ, ಅಲ್ಲಿ ಏನು ಮಾಡಿದರೂ 2149ಕ್ಕೆ ಬಿಸಿ ತಟ್ಟುವುದಿಲ್ಲ. ತರ್ಕ ಜಾಣತನದ್ದೇ. ಆದರೆ ಕಾಲಯಾನದ ಅರ್ಧ ಮಜಾ ಅಲ್ಲಿಗೆ ಹೋಯಿತು ಎಂಬುದು ನನ್ನ ದೂರು. ಬದಲಾಯಿಸಲು ಏನೂ ಇಲ್ಲದ ಮೇಲೆ ಅದು ಬರೀ ದೂರದ ಇನ್ನೊಂದು ಗ್ರಹವಾಗಿಬಿಡುತ್ತದೆ.

ಮಗನಿಗೆ ಹದಿಮೂರು ಎಂದಿರಿ. ಹಾಗಿದ್ದರೆ ಬ್ರಿಟನ್ನಿನ ‘ಪ್ರೈಮೀವಲ್’ ತೋರಿಸಿ. 2007ರಲ್ಲಿ ಶುರುವಾಗಿ ಐದು ಸೀಸನ್ ನಡೆಯಿತು. ಇದರಲ್ಲಿ ಮನುಷ್ಯರು ಹಿಂದಕ್ಕೆ ವಲಸೆ ಹೋಗುವುದಿಲ್ಲ, ಗಾಳಿಯಲ್ಲಿ ಮಿನುಗುವ ಬಿರುಕುಗಳಿಂದ ಪ್ರಾಣಿಗಳೇ ಈ ಕಾಲಕ್ಕೆ ನುಗ್ಗುತ್ತವೆ. ಮೊದಲ ಕಂತಿನಲ್ಲಿ ಬರುವ ಗಾರ್ಗೊನಾಪ್ಸಿಡ್ ಡೈನೋಸಾರ್‌ಗಳಿಗಿಂತಲೂ ಹಳೆಯ ಪ್ರಾಣಿ, ಪರ್ಮಿಯನ್ ಯುಗದ್ದು. ಭೂತಕಾಲದಲ್ಲಿ ಏನೋ ಏರುಪೇರಾದರೆ ವರ್ತಮಾನ ನಿಜಕ್ಕೂ ಬದಲಾಗುತ್ತದೆ. ಮೊದಲ ಸೀಸನ್ನಿನ ಕೊನೆಯಲ್ಲಿ ಅದು ಎಷ್ಟು ಚೆನ್ನಾಗಿ ಬರುತ್ತದೆ ಎಂದರೆ, ಹೇಳಿಬಿಟ್ಟರೆ ನಿಮ್ಮ ಮಗ ನನ್ನನ್ನು ಕ್ಷಮಿಸುವುದಿಲ್ಲ. ಚಿಕ್ಕವಳಿಗೆ ಮಾತ್ರ ಬೇಡ. ಭವಿಷ್ಯದಿಂದ ಬರುವ, ಬಾವಲಿಯ ಕುಲದ ಬೇಟೆಗಾರ ಪ್ರಾಣಿಯೊಂದಿದೆ. ದೊಡ್ಡವನಾದ ನನಗೇ ಅದು ರಾತ್ರಿ ನೆನಪಾಗುತ್ತಿತ್ತು.

ಉತ್ತರ: ಅಜ್ಜ

ಅರ್ಧಕ್ಕೆ ನಿಂತಿತು ಎಂದು ಎಲ್ಲರೂ ಹೆದರಿಸುತ್ತಾರೆ, ಅಷ್ಟೇನೂ ಇಲ್ಲ. 2011ರ ಡಿಸೆಂಬರ್‌ನಲ್ಲಿ ಕೊನೆಯ ಕಂತು ಬಂತು, 2012ರ ಮಾರ್ಚ್‌ನಲ್ಲಿ ಫಾಕ್ಸ್ ವಾಹಿನಿ ಕೈಬಿಟ್ಟಿತು. ಆದರೆ ಸೀಸನ್ನಿನ ಮುಖ್ಯ ಜಗಳ ಅಷ್ಟರೊಳಗೆ ತೀರುತ್ತದೆ. ಯಾರು ವಸಾಹತನ್ನು ಕಬಳಿಸಲು ಬಂದರು, ವಸಾಹತಿನ ಮುಖ್ಯಸ್ಥ ಕಮಾಂಡರ್ ಟೇಲರ್‌ಗೂ ಅವನ ಮಗನಿಗೂ ಏನು ವೈರ, ಶ್ಯಾನನ್ ಕುಟುಂಬ ಉಳಿಯಿತೇ ಎಂಬುದಕ್ಕೆಲ್ಲ ಉತ್ತರ ಸಿಗುತ್ತದೆ. ಕೊನೆಯಲ್ಲಿ ಒಂದು ಹೊಸ ಒಗಟನ್ನು ಮಾತ್ರ ಎಸೆದು ಎದ್ದುಹೋಗುತ್ತಾರೆ. ನನ್ನ ಮೊಮ್ಮಕ್ಕಳಿಗೆ ಆ ಒಗಟೇ ಇಷ್ಟವಾಯಿತು. ಕಮಾಂಡರ್ ಪಾತ್ರ ಮಾಡಿರುವ ಸ್ಟೀಫನ್ ಲ್ಯಾಂಗ್‌ಗಾಗಿಯಾದರೂ ನೋಡಬಹುದು. ಆತ ಬಂದು ನಿಂತರೆ ಬೇರೆಯವರು ಕಾಣುವುದಿಲ್ಲ.

ಉತ್ತರ: ಚಿಕ್ಕ ಮಗುವಿನ ತಂದೆ

ಮೇಲಿನವರೆಲ್ಲ ಹದಿಮೂರರ ಹುಡುಗನ ಬೆನ್ನು ಹತ್ತಿದ್ದಾರೆ. ಏಳು ವರ್ಷದವಳಿಗೆ ನನ್ನ ಆಯ್ಕೆ ‘ಪ್ರಿಹಿಸ್ಟಾರಿಕ್ ಪಾರ್ಕ್’. 2006ರದ್ದು, ಬ್ರಿಟನ್ನಿನದೇ, ಆರೇ ಕಂತು. ಪ್ರಾಣಿಲೋಕದ ಕಾರ್ಯಕ್ರಮಗಳ ನೈಜೆಲ್ ಮಾರ್ವೆನ್ ತಾನಾಗಿಯೇ ಕಾಣಿಸಿಕೊಂಡು, ಕಾಲದ ದ್ವಾರ ದಾಟಿ, ಅಳಿದುಹೋಗಲಿರುವ ಪ್ರಾಣಿಗಳನ್ನು ಈ ಕಾಲದ ಉದ್ಯಾನವೊಂದಕ್ಕೆ ಕರೆತರುತ್ತಾರೆ. ಎರಡು ಟಿ. ರೆಕ್ಸ್ ಮರಿಗಳು ಬರುತ್ತವೆ, ಒಂಟಿ ಮ್ಯಾಮತ್ ಒಂದು ಬರುತ್ತದೆ. ತಂದ ಮೇಲೆ ಅವಕ್ಕೆ ಮೇವು ಎಲ್ಲಿಂದ, ಬೇಲಿ ಎಷ್ಟು ಗಟ್ಟಿ, ಮೈ ಹುಷಾರಿಲ್ಲದಿದ್ದರೆ ಏನು ಮಾಡುವುದು ಎಂಬ ಮೃಗಾಲಯದ ತಾಪತ್ರಯಗಳೆಲ್ಲ ಇವೆ. ಸಾಕ್ಷ್ಯಚಿತ್ರದ ಧಾಟಿಯಲ್ಲಿ ಹೇಳುವುದರಿಂದ ನನ್ನ ಮಗ ಅದನ್ನು ನಿಜವೆಂದೇ ನಂಬಿಬಿಟ್ಟಿದ್ದ, ತಿಳಿಹೇಳಬೇಕಾಯಿತು. ಆದರೆ ಡೈನೋಸಾರ್ ಬೇಕೆಂದು ಕುಳಿತವರಿಗೆ ಮೋಸವಿಲ್ಲ.

‘ಡೈನೋಸಾರ್ ಟ್ರೇನ್’ ಸುಲಭ, ನಿರುಪದ್ರವಿ, ಕಾಲದ ಸುರಂಗ ದಾಟುವ ರೈಲಿನದು; ಆದರೆ ಶಾಲೆಗೆ ಸೇರದ ಮಕ್ಕಳಿಗೆ. ನಿಮ್ಮವಳು ಮೂಗು ಮುರಿಯಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ‘ಪ್ರಿಹಿಸ್ಟಾರಿಕ್ ಪಾರ್ಕ್’ನಿಂದ ಶುರು ಮಾಡಿ, ನಂತರ ‘ಟೆರಾ ನೋವಾ’ಕ್ಕೆ ಬರೋಣ ಎಂದುಕೊಂಡಿದ್ದೇವೆ. ಇನ್ನೊಂದೇ ಸಂದೇಹ: ಸ್ಲ್ಯಾಷರ್ ದೃಶ್ಯ ದಾಟಿದರೆ ಮುಂದೆ ನಿಶ್ಚಿಂತೆಯೇ?

ಉತ್ತರ: ಎರಡು ಮಕ್ಕಳ ತಾಯಿ

ನಡುವಿನ ಕಂತುಗಳಲ್ಲಿ ಅಷ್ಟು ತೊಂದರೆ ಇಲ್ಲ. ನೆನಪು ಅಳಿಸುವ ವೈರಾಣುವಿನ ಕಂತಿನಲ್ಲಿ ದೊಡ್ಡವರು ತಮ್ಮ ಮನೆಯವರನ್ನೇ ಮರೆಯುತ್ತಾರೆ, ಕೆಲವು ಮಕ್ಕಳಿಗೆ ಅದು ಡೈನೋಸಾರ್‌ಗಿಂತ ಹೆಚ್ಚು ನಾಟುತ್ತದೆ. ಪಕ್ಕದಲ್ಲೇ ಕುಳಿತಿರಿ. ಕೊನೆಯ ಎರಡು ಕಂತುಗಳನ್ನು ಮಾತ್ರ ಮೊದಲು ನೀವೊಬ್ಬರೇ ನೋಡಿ. ಅಲ್ಲಿ ಬಂದೂಕು ಹಿಡಿದವರು ವಸಾಹತನ್ನು ಆಕ್ರಮಿಸುತ್ತಾರೆ, ಸ್ಫೋಟವಿದೆ, ನಮಗೆ ಹತ್ತಿರವಾದ ಪಾತ್ರವೊಂದನ್ನು ಕಣ್ಣೆದುರೇ ಗುಂಡಿಟ್ಟು ಕೊಲ್ಲುತ್ತಾರೆ. ನಾನು ಚಿಕ್ಕವಳಿಗೆ ಆ ಭಾಗವನ್ನು ಬಾಯಲ್ಲಿ ಹೇಳಿ, ಅಂತ್ಯವನ್ನಷ್ಟೇ ತೋರಿಸಿದೆ. ದೊಡ್ಡವನು ಪೂರ್ತಿ ನೋಡಿದ.