ವಿಮಾನದಲ್ಲಿ ಸೀಟು ಆರಿಸಲು ಬೇರೆ ಹಣ ಕೊಡಲೇಬೇಕೇ?

ಪ್ರಶ್ನೆ (ರಾಯಚೂರು):
ತಾಯಿಯವರನ್ನೂ ಎಂಟು ವರ್ಷದ ಮಗಳನ್ನೂ ಕರೆದುಕೊಂಡು ಕಾಶಿಗೆ ಹೊರಟಿದ್ದೇನೆ. ಹೈದರಾಬಾದಿನವರೆಗೆ ರಸ್ತೆಯಲ್ಲಿ ಹೋಗಿ, ಶಂಷಾಬಾದಿನಿಂದ ಬೆಳಗಿನ ವಿಮಾನ ಹಿಡಿಯಬೇಕು. ಟಿಕೆಟ್ಟಿನ ಹಣ ಕಟ್ಟುವ ಮುನ್ನವೇ ಸೀಟುಗಳ ನಕ್ಷೆ ತೆರೆದುಕೊಂಡು ಒಂದೊಂದಕ್ಕೂ ಒಂದೊಂದು ದರ ತೋರಿಸುತ್ತಿದೆ. ಹಣ ಕೊಡದಿದ್ದರೆ ಮಗು ಒಂದು ಕಡೆ, ನಾವೊಂದು ಕಡೆ ಆಗುತ್ತೇವೆಯೇ? ತಾಯಿಯವರಿಗೆ ಮೊಣಕಾಲು ನೋವು. ಕಾಲು ಚಾಚಲು ಜಾಗವಿರುವ ತುರ್ತು ಬಾಗಿಲ ಸಾಲು ತೆಗೆದುಕೊಳ್ಳಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಸಿಂಧನೂರು):
ಕೂರಲು ಒಂದು ಸೀಟು ಟಿಕೆಟ್ ದರದಲ್ಲೇ ಸೇರಿದೆ. ಇಂಥದ್ದೇ ಬೇಕು ಎನ್ನುವವರು ಮಾತ್ರ ಹೆಚ್ಚಿಗೆ ಕೊಡಬೇಕು. ಏನನ್ನೂ ಆರಿಸದೆ ಮುಂದುವರಿದರೆ ಚೆಕ್-ಇನ್ ವೇಳೆಗೆ ಕಂಪನಿಯೇ ಯಾವುದಾದರೊಂದು ಸೀಟು ಕೊಡುತ್ತದೆ. ಮಗಳ ಬಗ್ಗೆ ಚಿಂತೆ ಬೇಡ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿ ಪ್ರಯಾಣಿಸುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಗೇ ಸೀಟು ಕೊಡಬೇಕೆಂದು ನಾಗರಿಕ ವಿಮಾನಯಾನದ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ವಿಮಾನ ಕಂಪನಿಗಳಿಗೆ ಸೂಚಿಸಿದೆ. ಆದ್ದರಿಂದ ಏಜೆಂಟರ ಬಳಿ ಮಾಡಿಸಿದರೂ ಮೂವರ ಟಿಕೆಟ್ಟೂ ಒಂದೇ ಪಿಎನ್‌ಆರ್‌ನಲ್ಲಿ ಇರುವಂತೆ ನೋಡಿಕೊಳ್ಳಿ.

ಉತ್ತರ (ಹೊಸಪೇಟೆ ರಸ್ತೆ, ಕೊಪ್ಪಳ):
ತುರ್ತು ಬಾಗಿಲ ಸಾಲನ್ನು ಮರೆತುಬಿಡಿ. ಅಗತ್ಯ ಬಿದ್ದರೆ ಬಾಗಿಲು ತೆರೆಯಲು ಶಕ್ತರಾದವರನ್ನೇ ಅಲ್ಲಿ ಕೂರಿಸುತ್ತಾರೆ. ಮಕ್ಕಳಿಗೂ ನಡೆದಾಡಲು ಕಷ್ಟಪಡುವವರಿಗೂ ಅಲ್ಲಿ ಅವಕಾಶವಿಲ್ಲ, ಹಣ ಕಟ್ಟಿದ್ದರೂ ಎಬ್ಬಿಸುತ್ತಾರೆ. ತಾಯಿಯವರಿಗೆ ನಡುದಾರಿ ಪಕ್ಕದ ಸೀಟೇ ಸರಿ, ಹಣ ಕೊಡುವುದಾದರೆ ಅದೊಂದಕ್ಕೆ ಕೊಡಿ. ಮೂರು-ಮೂರು ಸೀಟಿನ ಏರ್‌ಬಸ್ 320 ಆದರೆ ಎ ಕಿಟಕಿ, ಬಿ ನಡುವಿನದು, ಸಿ ನಡುದಾರಿಯದು. ವಿಮಾನ ಈಶಾನ್ಯದತ್ತ ಸಾಗುವುದರಿಂದ ಬೆಳಗಿನ ಬಿಸಿಲು ಬಲಗಡೆ ಬೀಳುತ್ತದೆ, ಎಡಗಡೆ ನೆರಳು. ಅನೇಕ ವಿಮಾನಗಳಲ್ಲಿ ನಡುದಾರಿ ಕಡೆಯ ಆರ್ಮ್‌ರೆಸ್ಟ್‌ನ ಅಡಿಯಲ್ಲಿ, ಅದು ಸೀಟಿಗೆ ಸೇರುವ ಕಡೆ, ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಆರ್ಮ್‌ರೆಸ್ಟ್ ಮೇಲೇಳುತ್ತದೆ, ಮೊಣಕಾಲು ಮಡಚದೆ ಪಕ್ಕಕ್ಕೆ ತಿರುಗಿ ಏಳಬಹುದು. ಗಗನಸಖಿಯರನ್ನು ಕೇಳಿದರೆ ತೋರಿಸುತ್ತಾರೆ. ಗಾಲಿಕುರ್ಚಿ ಬೇಕಿದ್ದರೆ ಬುಕಿಂಗ್ ಮಾಡುವಾಗಲೇ ನಮೂದಿಸಿ.

ಉತ್ತರ (ಬಳ್ಳಾರಿ):
ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿಗೆ ಮುಂಗಡ ಬುಕಿಂಗ್ ಮಾಡುವಾಗ ನಕ್ಷೆ ನೋಡಿ ಬೇಕಾದ ಸೀಟು ಒತ್ತುತ್ತೇವೆ. ಇಲ್ಲಿ ನಡುವಿನ ಸೀಟಿಗೂ ಬೆಲೆ ಕಟ್ಟುವುದು ನನಗಂತೂ ಅತಿಯೆನಿಸುತ್ತದೆ. ಇದಕ್ಕೆ ನಿಯಮದಲ್ಲಿ ಅವಕಾಶವಿದೆ ನಿಜ, ಆದರೆ ಪ್ರಯಾಣಿಕರು ತಾವಾಗಿ ಒಪ್ಪಿದರೆ ಮಾತ್ರ. ಹಣ ಕಟ್ಟುವ ಪುಟದಲ್ಲಿ ಸೀಟಿನ ಮೊತ್ತ ತಾನಾಗಿ ಸೇರಿಕೊಂಡಿದೆಯೇ ಎಂದು ನೋಡಿ, ಸೇರಿದ್ದರೆ ತೆಗೆದುಹಾಕಿ.